ಟಾಯರ್ ಮಾರುವವನ ಮಾತು ಯಾರು ನಂಬತಾರ?

ಜಮಖಂಡಿಯಲ್ಲಿ ನನ್ನದೊಂದು ಕಾರ್ ಟಾಯರಿನ ಅಂಗಡಿ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಬಂಗಾರದ ಅಂಗಡಿಗೆ ಹೋದವರೂ ಇಷ್ಟು ಸಂಶಯಪಡುವುದಿಲ್ಲ. ಬಂಗಾರವನ್ನಾದರೆ ಒರೆಗೆ ಹಚ್ಚಿ ನೋಡಬಹುದು. ಟಾಯರು ಸಸ್ತಾದ್ದೂ ಕರಿದೇ, ತುಟ್ಟಿದೂ ಕರಿದೇ, ಎರಡೂ ದುಂಡಗೇ. ಹಾಗಾಗಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರು ಮೊದಲು ನೋಡುವುದು ಟಾಯರನ್ನಲ್ಲ, ನನ್ನ ಮುಖವನ್ನು. ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯದಿದ್ದರೆ ನನಗೇ ಊಟ ರುಚಿಸುವುದಿಲ್ಲ.

ಎಳಿ ಎಷ್ಟು?

ರಬಕವಿಯಿಂದ ಒಬ್ಬ ಸೀರೆ ವ್ಯಾಪಾರಿ ಬಂದರು. ಹಿರಿಯರ ಕಾಲದಿಂದ ನೇಕಾರ ಮನೆತನ. ಮನೆಯ ಹಿಂದೆ ಮಗ್ಗ, ಮುಂದೆ ಅಂಗಡಿ. ನಾನು ಎರಡು ಥರದ ಟಾಯರು ತಂದು ಎದುರಿಗಿಟ್ಟೆ. ಅವರು ಸೆರಗು ಹಿಡಿದು ನೋಡುವ ಹಾಗೆ ಟಾಯರಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು.

"ಒಳಗ ನೂಲು ಇರತೈತಲ್ಲರಿ? ಎಳಿ ಎಷ್ಟು?"

ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. "ನೂಲಿನ ಪದರ ಇರತಾವ್ರಿ, ಉಕ್ಕಿನ ತಂತಿನೂ ಇರತೈತಿ. ಎಳಿ ಎಣಿಸಿಲ್ರಿ" ಅಂದೆ.

"ಎಣಸಲಾರದನ ಮಾರತೀರಿ?"

ತುಟ್ಟಿ ಟಾಯರಿಗೆ ಹಸಿ ರಸ್ತೆಯಲ್ಲಿ ಹಿಡಿತ ಹೆಚ್ಚು, ಸಪ್ಪಳ ಕಡಿಮೆ ಎಂದು ಹೇಳಲು ಬಾಯಿ ತೆಗೆದೆ. ಅವರು ಕೈ ಅಡ್ಡ ಹಿಡಿದರು. "ನನಗ ಹೇಳಬ್ಯಾಡ್ರಿ. ನಮ್ಮ ದಂಧೇದಾಗ ಇದೆಲ್ಲಾ ನೋಡಿ ಬಿಟ್ಟೇನಿ. ಸೀರಿ ಒಂದ, ರೇಟಿನ ಚೀಟಿ ಎರಡು. ಒಂದು ಸಂತಿಗೆ ಹೋಗತೈತಿ, ಇನ್ನೊಂದು ಏಸಿ ಅಂಗಡಿಗೆ. ಚೀಟಿಗೆ ರೊಕ್ಕ ಕೊಡೋ ಮನಷ್ಯಾ ಅಲ್ಲ ನಾ."

ಸಸ್ತಾದ್ದೇ ಹಾಕಿಸಿಕೊಂಡು ಹೋದರು.

ಮುಂದಿನ ತಿಂಗಳು ತಂಗಿಯ ಮಗಳ ಮದುವೆ ಬಂತು, ಸೀರೆಗೆಂದು ಅವರ ಅಂಗಡಿಗೇ ಹೋದೆ. ಎರಡು ಸೀರೆ ಬಿಚ್ಚಿ ಹಾಕಿದರು. ಬಣ್ಣ ಒಂದೇ, ದಡಿ ಒಂದೇ, ಬೆಲೆ ಮಾತ್ರ ಒಂದಕ್ಕೆ ಇಮ್ಮಡಿ. ನಾನು ನಗುತ್ತ, "ಚೀಟಿಗೆ ರೊಕ್ಕ ಕೊಡೋ ಮನಷ್ಯಾ ಅಲ್ಲರಿ ನಾ. ಸಸ್ತಾದ್ದ ಕಟ್ಟಿ ಕೊಡ್ರಿ" ಅಂದೆ.

ಅವರಿಗೆ ಖರೇನೇ ನೋವಾಯಿತು. "ಏನ್ ಮಾತಾಡತೀರಿ! ಅವು ಟಾಯರ್ರಿ, ಒಂದರಂಗ ಇನ್ನೊಂದು ಇರತೈತಿ. ಇದು ಸೀರಿ!"

ಜಾತಕ

ಬೀಳಗಿಯ ಒಬ್ಬ ನಿವೃತ್ತ ಅಧಿಕಾರಿ ಬಂದದ್ದು ಭೂತಗನ್ನಡಿ ಹಿಡಿದುಕೊಂಡು. ಟಾಯರಿನ ಪಕ್ಕಕ್ಕೆ ನಾಲ್ಕು ಅಂಕಿ ಒತ್ತಿರುತ್ತಾರೆ, ಅದು ಯಾವ ವರ್ಷದ ಎಷ್ಟನೇ ವಾರದಲ್ಲಿ ತಯಾರಾಯಿತು ಅಂತ. ಈ ಗುಟ್ಟನ್ನು ಅವರು ಮೊಬೈಲಿನಲ್ಲಿ ನೋಡಿ ಕಲಿತಿದ್ದರು. ತುಟ್ಟಿ ಟಾಯರೊಂದನ್ನು ಇಳಿಸಿದೆ. ಕುಕ್ಕರುಗಾಲಲ್ಲಿ ಕೂತು ಓದಿದರು.

"ಇದಕ್ಕ ಆರು ತಿಂಗಳಾತು!"

"ಏನೂ ಆಗೂದಿಲ್ರಿ ಸಾಹೇಬ್ರ, ಹೊಸಾದ ಐತಿ."

"ಛಲೋ ಮಾಲ್ ಇದ್ರ ಆರು ತಿಂಗಳ ಯಾಕ ಉಳೀತಿತ್ತು?"

ಆಯಿತು ಅಂತ ಸಸ್ತಾದ್ದು ತೋರಿಸಿದೆ. ಅದು ಹೋದ ತಿಂಗಳಷ್ಟೇ ತಯಾರಾದದ್ದು. ಅವರ ಹುಬ್ಬು ಇನ್ನೂ ಮೇಲೇರಿತು. "ಇಷ್ಟು ಲಗೂ ಯಾಕ ಕಳಿಸ್ಯಾರ? ಗಡಿಬಿಡಿಯಾಗ ಮಾಡಿದ್ದು ಕಾಣತೈತಿ."

ಹನ್ನೊಂದು ಟಾಯರು ಇಳಿಸಿದೆ. ತೀರಾ ಹಸುಗೂಸೂ ಅಲ್ಲದ, ವಯಸ್ಸೂ ಮೀರದ ನಾಲ್ಕನ್ನು ಕೊನೆಗೆ ಆರಿಸಿದರು, ತುಟ್ಟಿಯದೇ. ಹಾಕಿ ಮುಗಿಸಿ, ಗಾಳಿ ನೋಡೋಣ ಅಂತ ಡಿಕ್ಕಿ ತೆಗೆದು ಸ್ಟೆಪ್ನಿ ಹೊರಗೆಳೆದೆ. ಕಾರಿನ ಜೊತೆ ಬಂದದ್ದು, ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ಅಂಕಿ ಓದಿದೆ.

"ಸಾಹೇಬ್ರ, ಇದಕ್ಕ ಹದಿನಾಲ್ಕು ವರ್ಷ ಆಗೇತ್ರಿ."

ಅವರೂ ಬಾಗಿ ನೋಡಿದರು. ಭೂತಗನ್ನಡಿಯನ್ನು ಮೆಲ್ಲಗೆ ಜೇಬಿಗಿಳಿಸಿದರು.

"ಇರಲಿ ಬಿಡ್ರಿ. ಮನ್ಯಾಗ ಒಬ್ಬರರ ಹಿರ್ಯಾರು ಬೇಕಲ್ಲ."

ಎಡಗಡಿ, ಬಲಗಡಿ

ಹಿಪ್ಪರಗಿಯಿಂದ ಗಂಡ ಹೆಂಡತಿ ಬಂದರು. ಕಬ್ಬಿನ ಹೊಲದವರು. ಗಂಡನಿಗೆ ಸಸ್ತಾ ಟಾಯರು ಬೇಕು, ಹೆಂಡತಿಗೆ ತುಟ್ಟಿಯದು. ಆಕೆಯ ಮಾತಿಗೆ ಕಾರಣವೂ ಇತ್ತು. ಕಬ್ಬಿನ ಟ್ರಾಕ್ಟರುಗಳು ಹೊಲದ ಎರೆಮಣ್ಣನ್ನೆಲ್ಲ ರಸ್ತೆಗೆ ತಂದು ಬಡಿಯುತ್ತವೆ, ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಬೆಣ್ಣೆ ಸವರಿದಂತೆ. "ಅಕ್ಕಾರ ಹೇಳೂದು ಬರೋಬ್ಬರಿ ಐತ್ರಿ" ಅಂದೆ.

ಗಂಡ ನನ್ನನ್ನು ಒಂದು ಥರ ನೋಡಿದ. "ನಿಮ್ಮದು ಮೂಲ ಯಾವೂರ್ರಿ?"

"ಇದ ಜಮಖಂಡಿರಿ. ತಾಯಿ ತವರಮನಿ ಹುನ್ನೂರ."

"ನೋಡಿದ್ಯಾ! ಇಕೀದೂ ಹುನ್ನೂರ. ಇಬ್ರೂ ಮೊದಲ ಮಾತಾಡಿಕೊಂಡೀರಿ."

ಆಕೆಯನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಅಂತ ಆಣೆ ಮಾಡಿದ ಮೇಲೆ ಆತ ಒಂದು ಹೆಜ್ಜೆ ಇಳಿದ. ಎರಡು ತುಟ್ಟಿದು, ಎರಡು ಸಸ್ತಾದ್ದು. ಹಾಗಾದರೆ ಮುಂದಿನ ಜೋಡಿ ಒಂದು ಥರ, ಹಿಂದಿನ ಜೋಡಿ ಒಂದು ಥರ ಇರಲಿ ಅಂದೆ.

"ಬ್ಯಾಡ. ಬಲಗಡಿ ಎರಡೂ ತುಟ್ಟಿದು, ಎಡಗಡಿ ಎರಡೂ ಸಸ್ತಾದ್ದು."

ಹಾಗೆ ಹಾಕಿದರೆ ಬ್ರೇಕು ಒತ್ತಿದಾಗ ಕಾರು ಒಂದು ಕಡೆ ಎಳೆಯುತ್ತದೆ ಅಂತ ನಾನು ಹೇಳುವುದರೊಳಗೆ ಹೆಂಡತಿ ಸಮಾಧಾನದಿಂದ ಕೇಳಿದಳು.

"ಬಲಗಡಿ ಯಾರು ಕೂಡತಾರ?"

"ನಾ. ಕಾರ್ ಹೊಡಿಯಾಂವ ನಾನಲ್ಲ?"

"ಎಡಗಡಿ?"

ಗಂಡ ರಸ್ತೆಯ ಕಡೆ ಮುಖ ತಿರುಗಿಸಿದ. ಆಮೇಲೆ ನನಗೆ ಹೇಳಿದ, "ನಾಕೂ ತುಟ್ಟಿದ ಹಾಕ್ರಿ."

ಹಾಕಿದೆ. ಕಾರು ಹೊರಟಾಗ ನೋಡುತ್ತೇನೆ, ಆಕೆ ಹಿಂದಿನ ಸೀಟಿನಲ್ಲಿ, ಸರಿಯಾಗಿ ಗಂಡನ ಬೆನ್ನ ಹಿಂದೆ, ಬಲಗಡೆಯೇ ಕೂತಿದ್ದಳು.

ಗಿರಾಕಿಯ ಕಾರು

ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ.

ನನ್ನ ಹೆಂಡತಿ ಚಿಮ್ಮಡದ ಸಾಲಿಯಲ್ಲಿ ಟೀಚರ್. ನಮ್ಮ ಹಳೇ ಕಾರು ದಿನಾ ಓಡಿಸುವವಳು ಅವಳೇ. ಊರಿಗೆಲ್ಲ ತುಟ್ಟಿ ಟಾಯರಿನ ಪಾಠ ಹೇಳುವ ನಾನು ಆ ಕಾರಿಗೆ ಹಾಕಿದ್ದು, ಗಿರಾಕಿಗಳು ಬಿಚ್ಚಿಸಿ ಬಿಟ್ಟು ಹೋದ ಹಳೇ ಸಸ್ತಾ ಟಾಯರು. ಮೂರು ವರ್ಷದಿಂದ ಬದಲಿಸಿರಿ ಅನ್ನುತ್ತಿದ್ದಳು. ಒಮ್ಮೆ ಮಳೆಯಲ್ಲಿ ಬ್ರೇಕು ಒತ್ತಿದರೆ ಕಾರು ಜಾರುತ್ತ ಹೋಗಿ ಒಂದು ಎಮ್ಮೆಯ ಬಾಲಕ್ಕೆ ಗೇಣು ದೂರದಲ್ಲಿ ನಿಂತಿತಂತೆ. "ಎಮ್ಮಿ ಹೊಳ್ಳಿ ನೋಡತು. ನನಗ ನಾಚಿಗಿ ಬಂತು" ಅಂದಳು. "ಸಾವಕಾಶ ಹೊಡಿ" ಅಂದು ನಾನು ಪೇಪರ್ ಓದಿದೆ.

ಒಂದು ಶನಿವಾರ ಮುಧೋಳದ ವಕೀಲರೊಬ್ಬರು ಬಂದರು. ನನ್ನ ಪಾಠವನ್ನೆಲ್ಲ ಕೇಳಿ, "ಅದೆಲ್ಲಾ ಇರಲಿ. ನಿಮ್ಮ ಸ್ವಂತ ಕಾರಿಗೆ ಯಾವ ಟಾಯರ್ ಅದಾವು?" ಅಂದರು.

"ಇವ ತುಟ್ಟಿವು ರೀ."

"ಕಾರ್ ಎಲ್ಲೈತಿ?"

"ಮನ್ಯಾಗ."

ಅವರು ಅಂಗಡಿ ಎದುರಿನ ಬೇವಿನ ಮರದ ಕೆಳಗೆ ನಿಂತ ಕಾರಿನ ಕಡೆ ಬೆರಳು ತೋರಿಸಿದರು. "ಅದು?"

ಅದು ನಮ್ಮದೇ. ಸಾಲಿ ಬಿಟ್ಟ ಮೇಲೆ ನನ್ನಾಕೆ ಅಲ್ಲಿ ನಿಲ್ಲಿಸಿ ಕಾಯಿಪಲ್ಲೆಗೆ ಹೋಗಿದ್ದಳು. "ಅದು ಗಿರಾಕಿದ್ರಿ" ಅಂದುಬಿಟ್ಟೆ.

ವಕೀಲರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ನಾಕು ಗಾಲಿಗೆ ನಾಕು ಕಂಪನಿ! ಎಂಥಾ ಜುಗ್ಗರಿ ಇಂವ! ಹೆಂಡ್ತಿ ಮಕ್ಕಳು ಇಲ್ಲೇನು ಇವಗ?"

"ಇದ್ದಂಗ ಕಾಣತೈತ್ರಿ."

"ನೀವರ ಬುದ್ಧಿ ಹೇಳಬಾರದ?"

"ಹೇಳೇನ್ರಿ. ಕೇಳಂಗಿಲ್ಲ ಅಂವ."

ಅಷ್ಟರಲ್ಲಿ ಎರಡು ಚೀಲ ಹಿಡಿದು ನನ್ನಾಕೆ ಬಂದಳು. ಪರ್ಸಿನಿಂದ ಕೀಲಿ ತೆಗೆದು ಕಾರಿನ ಬಾಗಿಲು ತೆರೆದಳು. "ಏನ್ರಿ, ನಿಂತ ನೋಡಾಕತ್ತೀರಿ? ಡಿಕ್ಕಿ ತಗೀರಿ. ಇವತ್ತೂ ಆ ತಿರುವಿನ್ಯಾಗ ಕಾರ್ ಜಾರತು."

ವಕೀಲರು ಅವಳನ್ನು ನೋಡಿದರು, ಕೀಲಿ ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಇನ್ನು ಈ ಮನುಷ್ಯ ಹೋದ ಅಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು.

"ಈಗ ನಿಮ್ಮ ಮಾತಿನ ಮ್ಯಾಲೆ ನಂಬಕಿ ಬಂತು. ಟಾಯರ್ ಮಾರಾಂವನ ಇವು ನನ್ನವಲ್ಲ ಅಂತ ಸುಳ್ಳು ಹೇಳತಾನಂದ್ರ, ಸಸ್ತಾವು ಖರೇನ ಖರಾಬ್ ಇರಬೇಕು. ನನಗ ತುಟ್ಟಿವ ಹಾಕ್ರಿ. ಆದ್ರ ಮೊದಲ ಆ ಗಿರಾಕಿ ಕಾರಿಗೆ ಹಾಕ್ರಿ, ನನ್ನ ಕಣ್ಣ ಮುಂದ."

ಕುರ್ಚಿ ಎಳೆದುಕೊಂಡು ಕೂತೇ ಬಿಟ್ಟರು. ಒಂದೊಂದೇ ಗಾಲಿ ಬಿಚ್ಚಿದೆ. ಹಿಂದಿನ ಟಾಯರೊಂದರಲ್ಲಿ ಒಳಗಿನ ತಂತಿ ಹೊರಗೆ ಇಣುಕುತ್ತಿತ್ತು. ಅವಳು ದಿನಾ ಇದರ ಮೇಲೆ ಹೋಗಿ ಬರುತ್ತಿದ್ದಳಲ್ಲ! ಯಾರಿಗೂ ಕಾಣದಂತೆ ಗೋಡೆಯ ಕಡೆ ತಿರುಗಿಸಿಟ್ಟೆ. ಅವಳು ಮಾತ್ರ ನೋಡಿಬಿಟ್ಟಿದ್ದಳು.

ನಾಲ್ಕೂ ಹೊಸ ಟಾಯರು ಕೂತವು. ವಕೀಲರು ಎದ್ದು ಒಂದೊಂದನ್ನೂ ಮುಟ್ಟಿ ನೋಡಿ, ಆತು ಅಂತ ತಲೆಯಾಡಿಸಿದರು. ಆಗ ನನ್ನ ಹೆಂಡತಿ ಅವರ ಹತ್ತಿರ ಬಂದು ಕೈಮುಗಿದಳು.

"ವಕೀಲ್ರ, ಇನ್ನೊಂದು ಐದು ನಿಮಿಷ ಕೂಡ್ರಿ. ನಮ್ಮ ಅಡಗಿಮನಿ ನಳ ಎರಡು ವರ್ಷದಿಂದ ಸೋರಾಕತ್ತೈತಿ. ಅದೂ ಗಿರಾಕಿದೋ ಏನು, ಒಂದೀಟು ಕೇಳಿಬಿಡ್ರಿ."