ಟಾಂಗಾ ದಾಟಿದರೆ ಬಾದ್

ಓಟದ ಸ್ಪರ್ಧೆಯಲ್ಲಿ ಮೊದಲು ಬರುವವರ ಬಗ್ಗೆ ನನಗೆ ಎಂದೂ ಗೌರವ ಹುಟ್ಟಿಲ್ಲ. ನೀವೇ ಯೋಚಿಸಿ ನೋಡಿ. ಅವರು ಓಡುವುದೇ ಸ್ವಲ್ಪ ಹೊತ್ತು. ಬಿಸಿಲು ಏರುವ ಮೊದಲೇ ಮುಗಿಸಿ, ನಿಂಬೆ ಶರಬತ್ತು ಕುಡಿದು, ಮರದ ನೆರಳಿನಲ್ಲಿ ಕಾಲು ಚಾಚಿ ಕೂತು, ಇನ್ನೂ ಓಡುತ್ತಿರುವವರನ್ನು ನೋಡಿ ‘ಅಯ್ಯೋ ಪಾಪ’ ಅನ್ನುತ್ತಾರೆ. ಅದೇ ದಾರಿಯನ್ನು ನಾವು ಅವರ ಎರಡರಷ್ಟು ಹೊತ್ತು, ನೆತ್ತಿ ಸುಡುವ ಬಿಸಿಲಿನಲ್ಲಿ, ಪಕ್ಕೆ ಹಿಡಿದುಕೊಂಡು ಓಡುತ್ತೇವೆ. ದುಡಿದವರು ನಾವು, ಬಹುಮಾನದ ಕಪ್ಪು ಅವರಿಗೆ. ಹೋಗಲಿ, ಇದನ್ನಾದರೂ ಸಹಿಸಬಹುದು. ಸಹಿಸಲಾಗದವರೆಂದರೆ ತಾವು ಒಂದು ಹೆಜ್ಜೆಯೂ ಓಡದೆ, ಓಡುವವರಿಗೆ ಹೊತ್ತು ಗೊತ್ತುಮಾಡುವವರು. ಇಷ್ಟರೊಳಗೆ ಮುಟ್ಟದಿದ್ದರೆ ನೀವು ಓಡಿದ್ದೇ ಲೆಕ್ಕಕ್ಕಿಲ್ಲವಂತೆ! ಮನಮಾಡ್‌ನಿಂದ ಬರುವ ಪ್ಯಾಸೆಂಜರ್ ಗಾಡಿ ತಡವಾಗಿ ಬಂತೆಂದು, ಅದು ಬಂದೇ ಇಲ್ಲ ಎಂದು ಸ್ಟೇಷನ್ ಮಾಸ್ತರರು ಜನರನ್ನು ಮನೆಗೆ ಕಳಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಹಾಗೆ ಮಾಡಿದ್ದರೆ ಔರಂಗಾಬಾದಿಗೆ ಒಂದು ಗಾಡಿಯೂ ಬಂದ ದಾಖಲೆ ಇರುತ್ತಿರಲಿಲ್ಲ.

ಆಗ ಊರಿಗೆ ಔರಂಗಾಬಾದ್ ಎಂದೇ ಹೆಸರು. ಅಲ್ಲಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಶಾಲೆಯಲ್ಲಿ ಕನ್ನಡದವರು ಇಬ್ಬರೇ. ಕಲಬುರ್ಗಿಯ ಕಡೆಯ ನಾನು, ಭಾಲ್ಕಿಯ ಮಹಾದೇವಿ. ಮರಾಠಿಯಲ್ಲಿ ಮಾಸ್ತರಣಿಗೆ ‘ಬಾಯಿ’ ಅನ್ನುತ್ತಾರೆ, ಹೆಡ್‌ಮಿಸ್ಟ್ರೆಸ್ಸಿಗೆ ‘ಮೋಠ್ಯಾ ಬಾಯಿ’. ನಾವಿಬ್ಬರೂ ಅದನ್ನು ಗುಟ್ಟಾಗಿ ‘ದೊಡ್ಡಬಾಯಿ’ ಎಂದು ಕನ್ನಡಕ್ಕೆ ತಂದುಕೊಂಡಿದ್ದೆವು. ಮೂಲಕ್ಕಿಂತ ಅನುವಾದವೇ ಅವರಿಗೆ ಸರಿಯಾಗಿ ಒಪ್ಪುತ್ತಿತ್ತು. ಆ ವರ್ಷ ದೊಡ್ಡಬಾಯಿ ಯಾವುದೋ ಶಿಬಿರಕ್ಕೆಂದು ನಾಸಿಕಕ್ಕೆ ಹೋದರು. ನಾಸಿಕದಿಂದ ಜನ ದ್ರಾಕ್ಷಿ ತರುತ್ತಾರೆ, ತಂಬಿಗೆಯಲ್ಲಿ ಗೋದಾವರಿಯ ನೀರು ತರುತ್ತಾರೆ. ಇವರು ಒಂದು ಸೀಟಿ ತಂದರು. ಅದನ್ನು ಕೊರಳಿಗೆ ಹಾಕಿಕೊಂಡೇ ಟೀಚರುಗಳ ಕೋಣೆಗೆ ಬಂದು, ದೇಶದ ಹೆಣ್ಣುಮಕ್ಕಳು ದುರ್ಬಲರಾಗಿರುವುದಕ್ಕೆ ನಾವೇ ಕಾರಣ ಎಂದು ತಿಳಿಸಿದರು. ಆದ್ದರಿಂದ ಜನವರಿಯ ಒಂದು ಭಾನುವಾರ ಶಾಲೆಯ ಎಲ್ಲ ಬಾಯಿಯರೂ ಔರಂಗಪುರೆಯ ನಮ್ಮ ಶಾಲೆಯ ಗೇಟಿನಿಂದ ಬೀಬಿಯ ಮಕಬರಾ ಎಂಬ ಗೋರಿಯ ತನಕ ಓಡತಕ್ಕದ್ದು. ನಾಸಿಕದಲ್ಲಿ ಅವರು ಸೈಕಲ್ ಸ್ಪರ್ಧೆಯ ಹಿಂದೆ ಒಂದು ಜೀಪು ಹೋಗುವುದನ್ನು ನೋಡಿದ್ದರಂತೆ. ಜೀಪು ಯಾರನ್ನು ದಾಟಿತೋ ಅವರು ಬಾದ್, ಅಂದರೆ ಔಟು. ಹಾಗೆ ಔಟಾದವರು ಜೀಪು ಹತ್ತಿ ಕೂಡಬೇಕು. ನಮ್ಮ ಶಾಲೆಗೆ ಜೀಪು ಎಲ್ಲಿಂದ ಬರಬೇಕು? ದಿನಾ ಸಣ್ಣ ಹುಡುಗಿಯರನ್ನು ಕರೆತರುವ ಇಸ್ಮಾಯಿಲ್ ಚಾಚಾನ ಟಾಂಗಾ ಇತ್ತು. ಟಾಂಗಾದಲ್ಲಿ ದೊಡ್ಡಬಾಯಿಯವರೇ ಸೀಟಿ ಹಿಡಿದು ಕೂಡುವುದೆಂದು ಠರಾವಾಯಿತು.

ಟಾಂಗಾದಲ್ಲಿ ನಾಲ್ಕು ಜನಕ್ಕೆ ಜಾಗ, ಐದನೆಯವಳು ಬಾದ್ ಆದರೆ ಎಲ್ಲಿ ಕೂಡಬೇಕು ಎಂದು ನಾನು ಕೇಳಿದೆ. ಭೂಗೋಳ ಕಲಿಸುವವಳಿಗೆ ಇಂಥ ಪ್ರಶ್ನೆಗಳು ಹೊಳೆಯುತ್ತವೆ. ದೊಡ್ಡಬಾಯಿ ನನ್ನ ಸೊಂಟದ ಸುತ್ತಳತೆಯನ್ನು ಕಣ್ಣಲ್ಲೇ ಅಳೆದು, “ನೀವು ಮೊದಲನೆಯವರೇ ಆಗುತ್ತೀರಿ, ಚಿಂತೆ ಮಾಡಬೇಡಿ” ಎಂದರು. ಪಿ.ಟಿ. ಕಲಿಸುವ ಬಾಯಿ ಕಿಸಕ್ಕನೆ ನಕ್ಕಳು. ಅವಳ ಮೈಯಲ್ಲಿ ಮೂಳೆ ಬಿಟ್ಟರೆ ಇದ್ದದ್ದು ಗರ್ವ ಒಂದೇ. ಮಾತು ಅಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಬಾಗಿಲವರೆಗೆ ಹೋದ ದೊಡ್ಡಬಾಯಿ ತಿರುಗಿ ನಿಂತು, ಈ ವರ್ಷ ಕಾಯಂ ಆಗಬೇಕಾದವರ ವಿಚಾರವನ್ನು ಕಮಿಟಿಯ ಮುಂದೆ ಇಡುವಾಗ ಓಟವನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ಕಾಯಂ ಆಗಬೇಕಾದವಳು ಒಬ್ಬಳೇ, ಮಹಾದೇವಿ.

ಮಹಾದೇವಿ ಎಂದರೆ ಕೆಳಗಿನ ತರಗತಿಗಳಿಗೆ ಹಿಂದಿ ಕಲಿಸುವ, ದೊಡ್ಡ ಮೈಯ, ಮೆಲ್ಲಗೆ ಮಾತಾಡುವ ಹೆಂಗಸು. ಮಕ್ಕಳು ಅವಳ ಸೀರೆಗೆ ಜೋತುಬಿದ್ದರೂ ಗದರುತ್ತಿರಲಿಲ್ಲ. ಗಂಡನ ಬಟ್ಟೆ ಅಂಗಡಿ ಭಾಲ್ಕಿಯಲ್ಲಿ ಮುಚ್ಚಿಹೋಗಿ, ಇವಳ ತಾತ್ಕಾಲಿಕ ನೌಕರಿಯ ಮೇಲೆಯೇ ಸಂಸಾರ ನಿಂತಿತ್ತು. ಪ್ರತಿ ಬೇಸಿಗೆಯಲ್ಲೂ ಅವಳನ್ನು ತೆಗೆದು, ಜೂನಿನಲ್ಲಿ ಮತ್ತೆ ತೆಗೆದುಕೊಳ್ಳುತ್ತಿದ್ದರು. ಅಂದು ಸಂಜೆ ಅವಳು ನನ್ನ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

“ಅಕ್ಕಾ, ನಾ ಆ ಟಾಂಗಾದಾಗ ಕೂತ್ನೆಂದ್ರ ನನ್ನ ನೌಕರಿ ಹೋದಂಗೇ ನೋಡ್ರಿ. ಓಡೂದಂದ್ರ ನಾ ಸಾಲ್ಯಾಗೂ ಓಡಿಲ್ಲ. ಮಳಿ ಬಂದ್ರ ತೊಯ್ಸ್ಕೋತೀನಿ, ಓಡಂಗಿಲ್ಲ.”

“ನಾ ಇದ್ದೀನಲ್ಲ, ಯಾಕ ಅಂಜ್ತಿ?” ಎಂದೆ ನಾನು. ಒಳಗಿಂದ ನಮ್ಮ ಯಜಮಾನರು ಪೇಪರಿನಿಂದ ಮುಖ ತೆಗೆಯದೆ, “ಇಕಿನ್ನ ನಂಬಿ ಓಡಬ್ಯಾಡ್ರಿ ತಾಯಿ. ಹಾಲಿನವ ಕೂಗಿದ್ರ ಇಕಿ ಬಾಗಿಲಿಗಿ ಬರೂದ್ರಾಗ ಅವ ಮುಂದಿನ ಓಣಿ ಮುಗಿಸಿರ್ತಾನ” ಅಂದರು. ಕಚೇರಿಯಲ್ಲಿ ಒಂದು ಕಾಗದವನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸಲು ಒಂದು ಋತು ತೆಗೆದುಕೊಳ್ಳುವ ಮನುಷ್ಯ!

ಮಾರನೆಯ ದಿನದಿಂದ ನಾವು ಆಮ್‌ಖಾಸ್ ಮೈದಾನದಲ್ಲಿ ಬೆಳಿಗ್ಗೆ ಓಡಲು ಶುರುಮಾಡಿದೆವು. ಓಡಲು ಎನ್ನುವುದು ಸ್ವಲ್ಪ ಹೆಚ್ಚಿನ ಮಾತು. ಒಂದು ಸುತ್ತು ಓಡುವುದು, ಎರಡು ಸುತ್ತು ದೊಡ್ಡಬಾಯಿಯನ್ನು ಬೈಯುವುದು. ಬೈಯುವುದರಲ್ಲಿ ನಮ್ಮ ದಮ್ಮು ದಿನದಿನಕ್ಕೆ ಹೆಚ್ಚಿತು, ಓಟದಲ್ಲಿ ಇದ್ದಲ್ಲೇ ಇತ್ತು. ನಿಧಾನ ಓಡುವವರ ಕಷ್ಟ ವೇಗದವರಿಗೆ ಅರ್ಥವಾಗುವುದಿಲ್ಲ. ಅವರು ಮುಂದಿರುವವರನ್ನು ಹಿಡಿಯುವ ಯೋಚನೆಯಲ್ಲಿರುತ್ತಾರೆ. ನಮಗೆ ಬೆನ್ನಿನ ಹಿಂದಿನದೇ ಚಿಂತೆ. ಕೊನೆಗೆ ಆ ಟಾಂಗಾದ ವೇಗವನ್ನೇ ಪರೀಕ್ಷಿಸಿಬಿಡೋಣ ಎಂದುಕೊಂಡು, ಶಾಲೆ ಬಿಟ್ಟ ಮೇಲೆ ಚಾಚಾನ ಟಾಂಗಾದ ಮುಂದೆ ಮುಂದೆ ಬಿರಬಿರನೆ ನಡೆದು ನೋಡಿದೆವು. ನಾವು ಏದುಸಿರು ಬಿಡುತ್ತಾ ತಿರುತಿರುಗಿ ನೋಡುವುದನ್ನು ಕಂಡು ಚಾಚಾ ಬೇರೆಯೇ ತಿಳಿದುಕೊಂಡ. “ಬೈಠೋ ನಾ ಬಾಯಿ, ಪೈಸೆ ನಕ್ಕೋ” ಎಂದು, ದುಡ್ಡಿಲ್ಲದೆಯೇ ಹತ್ತಿಕೊಳ್ಳಲು ಕನಿಕರದಿಂದ ಕರೆದ. ಅವನ ಕುದುರೆಯ ಹೆಸರು ಶಹಜಾದಿ. ಎಲುಬು ಎಣಿಸಬಹುದಾದ ಮುದಿ ಹೆಣ್ಣು ಕುದುರೆ. ಆದರೂ ನಮಗಿಂತ ಒಂದಿಷ್ಟು ಚುರುಕಾಗಿಯೇ ಇತ್ತು ಎಂದು ಹೇಳಲು ನನಗೆ ಸಂಕಟವಾಗುತ್ತದೆ.

ಆಗ ಉಪಾಯ ಹೊಳೆದದ್ದು ನನಗೆ. ಕುದುರೆಯನ್ನು ಒಲಿಸಿಕೊಳ್ಳುವುದು. ಮಹಾದೇವಿ ದಿನಾ ಅದಕ್ಕೆ ಒಂದು ಹಿಡಿ ನೆನೆಸಿದ ಕಡಲೆ, ಒಂದು ಹೆಂಟೆ ಬೆಲ್ಲ ತಿನ್ನಿಸಬೇಕು. ಓಟದ ದಿನ ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ಹಾಕಬೇಕು. ತುಂಬಿದ ಹೊಟ್ಟೆಯಲ್ಲಿ ಅದು ತೂಕಡಿಸುತ್ತಾ ಬರುತ್ತದೆ, ನಾವು ಸಾವಕಾಶ ಮಕಬರಾ ಮುಟ್ಟುತ್ತೇವೆ. ನಮ್ಮ ಯಜಮಾನರು ಊಟವಾದ ಮೇಲೆ ಹೇಗಿರುತ್ತಾರೆ ಎಂಬುದನ್ನು ನೋಡಿ ನೋಡಿಯೇ ನನಗೆ ಈ ಸತ್ಯ ತಿಳಿದದ್ದು. ಮಹಾದೇವಿ ನಿಷ್ಠೆಯಿಂದ ನಡೆಸಿದಳು. ಶಹಜಾದಿ ಅವಳ ದನಿ ಕೇಳಿದರೆ ಕಿವಿ ನಿಮಿರಿಸುವಂತಾಯಿತು. ಸೆರಗನ್ನು ಮೂಸಿ ಬೆಲ್ಲ ಹುಡುಕುವುದನ್ನೂ ಕಲಿಯಿತು. “ಎಷ್ಟ್ ಮಾಯಾ ಮಾಡ್ತದ ನೋಡ್ರಿ ಅಕ್ಕಾ” ಎಂದು ಅದರ ಅಕ್ಕರೆಗೆ ಇವಳಿಗೆ ಸಂತೋಷ. ನನಗೂ ನನ್ನ ಬುದ್ಧಿಯ ಮೇಲೆ ಬಹಳ ವಿಶ್ವಾಸ.

ಓಟದ ದಿನ ಸೀರೆಗೆ ಕಚ್ಚೆ ಹಾಕಿ, ಕ್ಯಾನ್ವಾಸ್ ಬೂಟು ಮೆಟ್ಟಿ, ಎಲ್ಲರಿಗಿಂತ ಮೊದಲೇ ಹೋದೆವು. ನಮಗಿಂತಲೂ ಮೊದಲೇ ದೊಡ್ಡಬಾಯಿ ಬಂದಿದ್ದರು! ಛತ್ರಿ ಬಿಚ್ಚಿಕೊಂಡು ಟಾಂಗಾದಲ್ಲಿ ಚಾಚಾನ ಪಕ್ಕದಲ್ಲಿ ವಿರಾಜಮಾನರಾಗಿದ್ದರು. ಅವರ ಕಣ್ಣೆದುರಿಗೆ ಕುದುರೆಗೆ ಉಣಬಡಿಸುವುದು ಹೇಗೆ? ಕಡಲೆಯ ಡಬ್ಬಿ ಗೇಟಿನ ಹತ್ತಿರವೇ ಉಳಿಯಿತು. ಬೆಲ್ಲದ ಹೆಂಟೆಗಳನ್ನು ಮಹಾದೇವಿ ಗಡಿಬಿಡಿಯಲ್ಲಿ ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೀಟಿ ಕೂಗಿತು. ಪಿ.ಟಿ. ಬಾಯಿ ಬಾಣದಂತೆ ಹೋದಳು. ಉಳಿದವರು ಗುಂಪಾಗಿ ಹೋದರು. ಕೊನೆಯವರು ನಾವಿಬ್ಬರು. ನಮ್ಮ ಬೆನ್ನಿಗೆ ಟಾಂಗಾದ ಗೆಜ್ಜೆ.

ಮೊದಲ ತಿರುವು ಬರುವುದರೊಳಗೆ ಗೆಜ್ಜೆಯ ಸದ್ದು ಬದಲಾಯಿತು. ದಿನದ ಬೆಲ್ಲ ಸಿಗದ ಶಹಜಾದಿಗೆ ಗಾಳಿಯಲ್ಲಿ ಬೆಲ್ಲದ ವಾಸನೆ ಬಡಿದಿರಬೇಕು. ಕತ್ತು ಚಾಚಿ, ಹೂಂಕರಿಸಿ, ನೇರ ಮಹಾದೇವಿಯ ಸೊಂಟಕ್ಕೆ ಮುಖವಿಟ್ಟು ನುಗ್ಗಿತು.

“ಅಕ್ಕಾ! ಕುದುರಿ ನನ್ನ ಸೀರಿಗೇ ಬಾಯಿ ಹಾಕ್ಲಿಕತ್ತದ್ರೀ!”

“ಬೆಲ್ಲ ಒಗಿ! ಆಕಡಿ ಒಗಿ!”

“ಗಂಟು ಬಿಚ್ಚವಲ್ದ್ರೀ ಅಕ್ಕಾ!”

ಅಷ್ಟು ಹೇಳಿ ಅವಳು ಓಡಿದಳು. ಮಳೆ ಬಂದರೂ ಓಡದಿದ್ದ ಮಹಾದೇವಿ ಹಾಗೆ ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಚಾಚಾ ಲಗಾಮು ಜಗ್ಗುತ್ತಾ, “ರುಕ್ ಬೇಟಿ, ರುಕ್!” ಎಂದು ಕೂಗುತ್ತಿದ್ದ. ಅವನು ಕುದುರೆಗೆ ಹೇಳುತ್ತಿದ್ದನೋ ಮಹಾದೇವಿಗೋ ತಿಳಿಯುತ್ತಿರಲಿಲ್ಲ. ದೊಡ್ಡಬಾಯಿಯ ಬಾಯಲ್ಲಿದ್ದ ಸೀಟಿ ಪ್ರತಿ ಕುಲುಕಿಗೂ ಪೀಂಯ್ ಎನ್ನುತ್ತಿತ್ತು. ದಾರಿಯ ಎರಡೂ ಬದಿ ಸಾಲಾಗಿ ನಿಲ್ಲಿಸಿದ್ದ ಹುಡುಗಿಯರು, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಪ್ರತಿ ಪೀಂಯ್‌ಗೂ ಚಪ್ಪಾಳೆ ತಟ್ಟಿದರು. ಟಾಂಗಾ ನನ್ನನ್ನು ದಾಟಿತು. ನಿಯಮದ ಪ್ರಕಾರ ನಾನು ಬಾದ್. ನಿಯಮದ ಪ್ರಕಾರ ಹತ್ತಿ ಕೂಡಲು ನಾನು ಕೈ ಎತ್ತಿಯೂ ಎತ್ತಿದೆ. ಯಾರು ನಿಲ್ಲಿಸಬೇಕು?

ಮುಂದಿನದು ನಾನು ನೋಡಿದ್ದಲ್ಲ. ಆದರೆ ಹುಡುಗಿಯರು ಅದನ್ನು ನನಗೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾರೆಂದರೆ ನೋಡಿದಂತೆಯೇ ಆಗಿದೆ. ಟಾಂಗಾ ಹೊಲಿಗೆಯ ಬಾಯಿಯನ್ನು ದಾಟಿತು, ಸಂಗೀತದ ಬಾಯಿಯನ್ನು ದಾಟಿತು, ಗುಂಪಿಗೆ ಗುಂಪನ್ನೇ ಗೋಡೆಗೆ ಒತ್ತಿ ದಾಟಿತು. ಪಿ.ಟಿ. ಬಾಯಿ ಪನ್‌ಚಕ್ಕಿ ಎಂಬ ಹಳೆಯ ನೀರಿನ ಗಿರಣಿಯ ಹತ್ತಿರ ನಿಂತು, ಹಿಂದೆ ಯಾರೂ ಕಾಣದ್ದರಿಂದ ನಿಶ್ಚಿಂತೆಯಾಗಿ ನಿಂಬೆ ಶರಬತ್ತು ಕುಡಿಯುತ್ತಾ ಫೋಟೋದವನಿಗೆ ಮುಖ ಕೊಡುತ್ತಿದ್ದಳಂತೆ. ಪಕ್ಕದ ಮಹಮೂದ್ ದರವಾಜೆಯ ಇಕ್ಕಟ್ಟಿನಲ್ಲಿ ಮೊದಲು ಮಹಾದೇವಿ, ಅವಳ ಬೆನ್ನಿಗೆ ಕುದುರೆ, ಕುದುರೆಯ ಹಿಂದೆ ಛತ್ರಿ, ಹೀಗೆ ಮೆರವಣಿಗೆ ನುಗ್ಗಿದ್ದನ್ನು ಕಂಡು ಅವಳು ಗ್ಲಾಸಿನ ಸಮೇತ ಗಟಾರಕ್ಕೆ ಹಾರಿದಳು. ಹಾರಿ ಏಳುವುದರೊಳಗೆ ಅವಳೂ ಬಾದ್. ಮಹಾದೇವಿ ಮಕಬರಾದ ಬಾಗಿಲು ಮುಟ್ಟಿ ಹುಲ್ಲಿನ ಮೇಲೆ ಬಿದ್ದಳು. ಶಹಜಾದಿ ಸೆರಗಿನ ಗಂಟನ್ನು ಬಟ್ಟೆಯ ಸಮೇತ ತಿಂದಿತು.

ಬಹುಮಾನ ಕೊಡಲು ಬಂದಿದ್ದ ಶಿಕ್ಷಣ ಖಾತೆಯ ಸಾಹೇಬರು ನಿಯಮ ಏನೆಂದು ವಿಚಾರಿಸಿದರು. ಟಾಂಗಾ ದಾಟಿದವರು ಬಾದ್ ಎಂದು ಹುಡುಗಿಯರು ಒಕ್ಕೊರಲಿನಿಂದ ಹೇಳಿದರು. ಟಾಂಗಾ ಯಾರನ್ನು ದಾಟಿಲ್ಲ? ಮಹಾದೇವಿಬಾಯಿಯನ್ನು. ಟಾಂಗಾದಲ್ಲಿ ಯಾರಿದ್ದರು? ಸ್ವತಃ ಮೋಠ್ಯಾ ಬಾಯಿ. ಕುದುರೆ ತಮ್ಮ ಮಾತು ಕೇಳಲಿಲ್ಲ ಎಂದು ಸಾಹೇಬರ ಎದುರು ಹೇಳುವ ಬದಲು ದೊಡ್ಡಬಾಯಿ ಛತ್ರಿ ಮಡಚಿಕೊಂಡು, ಓಟದ ವೇಗವನ್ನು ತಾವು ಬೇಕೆಂದೇ ಹೆಚ್ಚಿಸಿದ್ದೆಂದು ವಿವರಿಸಿದರು. ಪಿ.ಟಿ. ಬಾಯಿ ತಕರಾರು ತೆಗೆಯಲು ಬಾಯಿ ತೆರೆದಳಂತೆ. ಮೈಯಿಂದ ಬರುತ್ತಿದ್ದ ಗಟಾರದ ವಾಸನೆಗೆ ಸಾಹೇಬರು ಹಿಂದಕ್ಕೆ ಸರಿದುಬಿಟ್ಟರಂತೆ. ಕಪ್ಪು ಮಹಾದೇವಿಗೆ ಹೋಯಿತು. ಮಾರ್ಚಿನಲ್ಲಿ ಅವಳು ಕಾಯಂ ಆದಳು. ಪೇಢೆ ತಂದುಕೊಟ್ಟು, “ಎಲ್ಲಾ ನಿಮ್ಮ ಬುದ್ಧಿಯಿಂದರೀ ಅಕ್ಕಾ” ಎಂದು ನನ್ನ ಕಾಲು ಮುಟ್ಟಿದಳು. ನಾನು ಬೇಡ ಅನ್ನಲಿಲ್ಲ.

ನನ್ನ ಕಥೆ ಏನಾಯಿತು? ನಾನು ಆ ದಾರಿಯನ್ನು ಪೂರ್ತಿ ನಡೆದು ಮುಗಿಸಿದೆ. ಪಿ.ಟಿ. ಬಾಯಿಯನ್ನು ಬಿಟ್ಟರೆ ಉಳಿದ ಬಾಯಿಯರೆಲ್ಲ ಅರ್ಧದಲ್ಲೇ ರಿಕ್ಷಾ ಹಿಡಿದು ಮನೆಗೆ ಹೋಗಿದ್ದರು. ನಾನು ಮಕಬರಾ ಮುಟ್ಟಿದಾಗ ಶಾಮಿಯಾನ ಇಳಿಸಿ, ಶರಬತ್ತಿನ ಪಾತ್ರೆ ತೊಳೆದು ಬೋರಲು ಹಾಕಿದ್ದರು. ಹಗ್ಗ ಸುತ್ತುತ್ತಿದ್ದ ಶಾಲೆಯ ಶಿಪಾಯಿ, “ಬಾಯಿ, ಶರ್ಯತ್ ಸಂಪಲಿ” ಎಂದ. ಓಟ ಮುಗಿಯಿತಂತೆ! ಓಡುವವಳು ನಾನಿನ್ನೂ ದಾರಿಯಲ್ಲಿರುವಾಗ ಮುಗಿಸಲು ಇವರು ಯಾರು? ಸೋಮವಾರ ಬೆಳಿಗ್ಗೆ ದೊಡ್ಡಬಾಯಿಯ ಕೋಣೆಗೆ ಹೋಗಿ, ಟಾಂಗಾ ನನ್ನನ್ನು ದಾಟಿದರೂ ಹತ್ತಿಸಿಕೊಂಡಿಲ್ಲ, ಆದ್ದರಿಂದ ನಾನು ಪೂರ್ತಿಯಾಗಿ ಬಾದ್ ಆಗಿಲ್ಲ, ಮೇಲಾಗಿ ದಾರಿ ಮುಗಿಸಿದ್ದೇನೆ ಎಂದು ಬಹಳ ಹೊತ್ತು ವಾದಿಸಿದೆ. ಅವರು ತಲೆ ಹಿಡಿದುಕೊಂಡು ಕೇಳಿದರು. ಕೊನೆಗೆ, ನಿಯಮಗಳ ಬಗ್ಗೆ ಇಷ್ಟು ಕಾಳಜಿ ಇರುವವರು ನೀವೊಬ್ಬರೇ, ಮುಂದಿನ ವರ್ಷ ಟಾಂಗಾದಲ್ಲಿ ನೀವೇ ಕೂಡಿ ಎಂದು ಹೇಳಿ ಸೀಟಿಯನ್ನು ನನ್ನ ಕೈಗೆ ಕೊಟ್ಟರು. ಅವರಿಗೂ ಟಾಂಗಾ ಸಾಕಾಗಿತ್ತು ಎಂದು ಕಾಣುತ್ತದೆ.

ಮುಂದಿನ ವರ್ಷ ಕೂತೆ. ಚಾಚಾ ನನಗೆಂದು ಹೊಸ ಗಾದಿ ಹಾಕಿದ್ದ. ತಣ್ಣನೆಯ ಗಾಳಿ ಬೀಸುತ್ತಿತ್ತು. ಟಾಂಗಾದ ಮೇಲೆ ಕೂತು ನೋಡಿದಾಗಲೇ ನನಗೆ ತಿಳಿದದ್ದು, ಈ ಹೆಂಗಸರು ಎಷ್ಟು ನಿಧಾನ ಓಡುತ್ತಾರೆ ಎಂದು. ಮೈಗಳ್ಳತನ, ಬೇರೇನೂ ಅಲ್ಲ. ಚಿತ್ರಕಲೆಗೆ ಹೊಸದಾಗಿ ಬಂದಿದ್ದ ದಪ್ಪನೆಯ ಬಾಯಿಯೊಬ್ಬಳು ಕುದುರೆಯ ಮೂಗಿನ ಮುಂದೆಯೇ ಕಾಲೆಳೆಯುತ್ತಾ, ತಿರುಗಿ ತಿರುಗಿ ನನ್ನ ಕಡೆ ದೀನಳಾಗಿ ನೋಡುತ್ತಿದ್ದಳು. ಬೇಗ ಮುಗಿಯಬೇಕಿತ್ತು, ನನಗೆ ಮನೆಯಲ್ಲಿ ಅಡುಗೆ ಬಾಕಿ ಇತ್ತು. ನಾನು ಗಾದಿಗೆ ಒರಗಿಕೊಂಡು, “ಚಾಚಾ, ಜರಾ ತೇಜ್ ಚಲಾವ್” ಎಂದೆ.