ಅಲ್ಲಿ ಅಂದರೆ ಎಲ್ಲಿ

ನನಗೆ ಸುಲಭಕ್ಕೆ ಕೋಪ ಬರುವುದಿಲ್ಲ. ಬೆಳಗೆದ್ದು ವಿಭೂತಿ ಇಟ್ಟುಕೊಂಡು ಮಾದಪ್ಪನ ಹೆಸರು ಹೇಳಿದರೆ, ಸಂಜೆಯವರೆಗೆ ಯಾರು ಏನಂದರೂ ತಡೆದುಕೊಳ್ಳುತ್ತೇನೆ. ಆದರೆ ಈ ಕಾಯಿಲೆ ಹಿಡಿದ ಮೇಲೆ ಕೊಳ್ಳೇಗಾಲ, ಯಳಂದೂರು, ಹನೂರು ಅಂತ ಅಲೆದು ಒಂದು ವಿಷಯ ಗೊತ್ತಾಗಿದೆ. ಕಾಯಿಲೆಗಿಂತ ಅದರ ಸುತ್ತ ಇರುವ ಜನರದ್ದೇ ಕಡಿತ ಹೆಚ್ಚು. ಒಂದು ಮುಗಿಯಿತು ಅನ್ನುವಾಗ ಇನ್ನೊಂದು ಶುರುವಾಗುತ್ತದೆ.

ಕಾಯಿಲೆ ಇರುವುದು "ಅಲ್ಲಿ". ನಮ್ಮ ಕಡೆ ಹೆಂಗಸರು ಆ ಜಾಗಕ್ಕೆ ಇಟ್ಟಿರುವ ಹೆಸರು ಅದೇ. ಅಲ್ಲಿಯ ಚರ್ಮ ಬೆಳ್ಳಗಾಗಿ, ರೇಷ್ಮೆಗೂಡಿನ ಪೊರೆಯಷ್ಟು ತೆಳ್ಳಗಾಗಿತ್ತು. ಕೂತರೆ ಉರಿ, ಮಲಗಿದರೆ ಕಡಿತ, ಕೆರೆದರೆ ರಕ್ತ. ಅದು ಸಾಲದು ಅಂತ ಮನೆಯಲ್ಲಿ ನಮ್ಮ ಓರಗಿತ್ತಿ, ಭಾವನ ಹೆಂಡತಿ. ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಎರಡು ಸಂಸಾರಕ್ಕೆ ಒಂದೇ ದೇವರ ಮನೆ. ನಾನು ಸೊಸೆಯಾಗಿ ಬಂದಾಗಿನಿಂದ ಸೋಮವಾರದ ದೀಪ ಹಚ್ಚುವುದು ನಾನೇ. ವಿಷಯ ಗೊತ್ತಾದ ದಿನ ಅವಳು ಬಾಗಿಲಿಗೆ ಅಡ್ಡ ನಿಂತು, "ಅದು ಅಂಟುರೋಗ ಕಣಮ್ಮಿ. ವಾಸಿ ಆಗೋಗಂಟ ದೇವ್ರ ಮನೆಗೆ ಬರ್‌ಬ್ಯಾಡ. ದೀಪವ ನಾನೇ ಅಚ್ಕತೀನಿ" ಅಂದಳು.

ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲ ಅಂತ ಹೇಳುವ ಮನೆಯಲ್ಲಿ ನನ್ನ ಸೋಪು ಬೇರೆ, ಚೊಂಬು ಬೇರೆ ಆಯಿತು. ಕಾಯಿಲೆ ಕೊಟ್ಟ ದೇವರ ಮೇಲೆ ನನಗೆ ಸಿಟ್ಟಿಲ್ಲ. ದೀಪ ಕಿತ್ತುಕೊಂಡವಳ ಮೇಲೆ ಇತ್ತು, ಚೆನ್ನಾಗಿಯೇ ಇತ್ತು.

ಕೆಳಗೆ

ಮೊದಲು ಕೊಳ್ಳೇಗಾಲದ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಗಂಡಸು. ಹೊರಗೆ ಬೆಂಚಿನ ತುಂಬ ಜನ, ನಡುವೆ ಪರದೆಯೂ ಇಲ್ಲ.

"ಏನಮ್ಮ ತೊಂದ್ರೆ?"

"ಕೆಳಗೆ ಕಡಿತ ಸಾ."

"ಗದ್ದೆ ಕೆಲಸ ಮಾಡ್ತೀರಾ? ನೀರಲ್ಲಿ ನಿಲ್ತೀರಾ?"

"ನಿಲ್ತೀನಿ ಸಾ."

"ಅದೇ ಮತ್ತೆ. ಚೆನ್ನಾಗಿ ಒರೆಸ್ಕೊಂಡು ಈ ಪೌಡರ್ ಹಾಕಿ. ಬೆರಳ ಸಂದಿಗೆ ಬೀಳಬೇಕು. ರಾತ್ರಿ ಸಾಕ್ಸ್ ಹಾಕ್ಕೊಂಡು ಮಲಗಿ."

ಸಾಕ್ಸ್ ಅಂದಾಗಲೇ ನನಗೆ ಹೊಳೆದದ್ದು, ಅವರು ಬಗ್ಗಿ ನೋಡುತ್ತಿದ್ದದ್ದು ನನ್ನ ಚಪ್ಪಲಿಯನ್ನು. ತಿದ್ದಿ ಹೇಳೋಣ ಅಂದರೆ ಬೆಂಚಿನವರೆಲ್ಲ ಕಿವಿ ಇತ್ತಲೇ ಇಟ್ಟಿದ್ದರು. ಎದ್ದು ಬಂದೆ. ಕೆಳಗೆ ಅಂದರೆ ಎಲ್ಲಿ ಅಂತ ಒಂದು ಮಾತು ಕೇಳಲಾರದವರು ಡಾಕ್ಟರಿಕೆ ಯಾಕೆ ಓದಬೇಕು ಅಂತ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ.

ಮುಂದಿನ ತಿಂಗಳು ಜ್ವರಕ್ಕೆ ಅಲ್ಲಿಗೇ ಹೋಗಬೇಕಾಯಿತು. "ಹೇಗಿದೆಯಮ್ಮ ಆ ತೊಂದ್ರೆ?" ಅಂತ ಕೇಳಿದರು.

"ಕಾಲು ಚೆನ್ನಾಗಿದೆ ಸಾ" ಅಂದೆ. ದೇವರಾಣೆ, ಸುಳ್ಳು ಹೇಳಲಿಲ್ಲ.

ಬೆಳ್ಳಗೆ

ಹೆಂಗಸಾದರೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಯಳಂದೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಯಜಮಾನರೂ ಜೊತೆಗೆ ಬಂದಿದ್ದರು.

"ಅಲ್ಲಿ ಬೆಳ್ಳಗಾಗದೆ ಮೇಡಮ್ಮೋರೆ, ಕಡಿತ" ಅಂದೆ.

"ಬಿಳಿ ಹೋಗ್ತಿದೆ ಅನ್ನಿ."

"ಓಗ್ತಿಲ್ಲ, ಅಲ್ಲೇ ಅದೆ."

ಅವರು ತಲೆ ಎತ್ತಲಿಲ್ಲ. ನೋಡಬೇಕಾ ಅಂತಲೂ ಕೇಳಲಿಲ್ಲ. "ಈ ವಯಸ್ಸಲ್ಲಿ ಇದೆಲ್ಲ ಇರೋದೇ, ಅಡ್ಜಸ್ಟ್ ಮಾಡ್ಕೋಬೇಕು. ಇನ್‌ಫೆಕ್ಷನ್ನು, ಇಬ್ರೂ ಮಾತ್ರೆ ತಗೊಳ್ಳಿ" ಅಂದರು.

ಅಡ್ಜಸ್ಟು ಅಂತೆ. ಮೆಣಸಿನಪುಡಿ ಮೇಲೆ ಕೂರಿಸಿ, ಸ್ವಲ್ಪ ಸರಿದು ಕೂತುಕೋ ಅಂದ ಹಾಗೆ.

ಯಜಮಾನರು ಪಾಪದ ಮನುಷ್ಯ. "ನಂಗ್ಯಾಕೆ?" ಅಂತ ಒಂದು ಸಲ ಕೇಳಿ, ಕೊಟ್ಟಷ್ಟು ದಿನವೂ ನುಂಗಿದರು. ಕೊನೆಯ ಮಾತ್ರೆ ನುಂಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ಹಿತ್ತಲಿನಿಂದ ಬಂದು ಕೇಳಿದರು. "ಕಮ್ಮಿ ಆಯ್ತಾ?"

"ಇಲ್ಲ."

"ಒಳ್ಳೆ ನ್ಯಾಯ. ಕಡಿತ ನಿಂದು, ಭೇದಿ ನಂದು."

ಮುನಿಸು

ಆಮೇಲೆ ಓರಗಿತ್ತಿ ಬಿಡಲಿಲ್ಲ. ಹನೂರು ತಾಲ್ಲೂಕಿನ ಬಂಡಳ್ಳಿ ಕಡೆ ಶಾಸ್ತ್ರ ಹೇಳುವವರೊಬ್ಬರು ಇದ್ದಾರೆ ಅಂತ ಬಸ್ಸು ಹತ್ತಿಸಿ, ತಾನೂ ಜೊತೆಗೆ ಬಂದಳು. ಅವರು ಕವಡೆ ಚೆಲ್ಲಿ, ಕಣ್ಣು ಮುಚ್ಚಿ, "ಮಾದಪ್ಪನ ಮುನಿಸು ಕಣವ್ವ. ಏನೋ ಹರಕೆ ತಪ್ಪಿದ್ದೀಯೆ" ಅಂದರು.

ಇಲ್ಲಿ ನನಗೆ ನಿಜವಾಗಿ ರಕ್ತ ಕುದಿಯಿತು. ನನಗೆ ಬೈದರೆ ಬೈಯಲಿ. ಹುಲಿಯನ್ನೇರಿ ಏಳುಮಲೆ ತಿರುಗುವ ಸ್ವಾಮಿ, ಬೇರೆ ಕೆಲಸವಿಲ್ಲದೆ, ಮಧುವನಹಳ್ಳಿಯ ಹೆಂಗಸೊಬ್ಬಳಿಗೆ ಅಲ್ಲಿ ಕಡಿತ ತರಿಸಿದ ಅಂತ ಹೇಳುವುದೆ?

"ಪರಿಹಾರ ಏನು ಸ್ವಾಮಿ?" ಓರಗಿತ್ತಿ ಕೇಳಿದಳು.

"ವಿಭೂತಿ ಮಂತ್ರಿಸಿ ಕೊಡ್ತೀನಿ. ಆ ಜಾಗಕ್ಕೆ ಅಚ್ಲಿ."

ಹಣೆಗಿಡುವ ವಿಭೂತಿ. ನಾನು ಕೈಮುಗಿದು, ದನಿ ಏರಿಸದೆ ಕೇಳಿದೆ. "ಸ್ವಾಮಿ, ನಿಮ್ಗೆ ಮೂಲವ್ಯಾಧಿ ಬಂದ್ರೆ ಏನು ಅಚ್ಕತೀರಿ?"

ಅವರು ಯೋಚನೆಯನ್ನೇ ಮಾಡಲಿಲ್ಲ. "ಆಸ್ಪತ್ರೆಗೆ ಓಯ್ತೀನಿ" ಅಂದರು.

ಹೆಸರು

ಅವರು ಹೇಳಿದ್ದನ್ನೇ ಮಾಡಿದೆ. ಕೊಳ್ಳೇಗಾಲದಲ್ಲಿ ಚರ್ಮದ ಡಾಕ್ಟರಮ್ಮ ಒಬ್ಬರು ಕೂರುತ್ತಾರೆ ಅಂತ ಕೇಳಿ ಹೋದೆ. ಚಿಕ್ಕ ವಯಸ್ಸು. ಬಾಗಿಲು ಹಾಕಿಸಿ ಕೇಳಿದರು.

"ಎಲ್ಲಮ್ಮ ಕಡಿತ?"

"ಅಲ್ಲಿ."

"ಅಲ್ಲಿ ಅಂದ್ರೆ ಎಲ್ಲಿ?"

ಇಷ್ಟು ದಿನಕ್ಕೆ ಒಬ್ಬರು ಕೇಳಿದರು, ನನಗೆ ನಾಲಿಗೆ ಏಳಲಿಲ್ಲ. ಆಗ ಚಿಕ್ಕವಳಾಗಿದ್ದಾಗ ಈಶ್ವರನ ಗುಡಿಯಲ್ಲಿ ಅಪ್ಪ ಹೇಳಿಕೊಟ್ಟದ್ದು ನೆನಪಾಯಿತು. ಲಿಂಗದ ಮೇಲೆ ಎರೆದ ನೀರು ಹರಿದು ಹೋಗುವ ಪೀಠವನ್ನು ತೋರಿಸಿ, ಅದು ಯೋನಿಪೀಠ, ಅಮ್ಮನವರ ರೂಪ, ಕೈಮುಗಿ ಅಂದಿದ್ದರು. ಗುಡಿಯಲ್ಲಿ ಕೈಮುಗಿಯುವ ಹೆಸರನ್ನು ಆಸ್ಪತ್ರೆಯಲ್ಲಿ ನುಂಗುವುದು ಯಾವ ಭಕ್ತಿ?

"ಯೋನಿ" ಅಂದೆ. "ಒಳಗಲ್ಲ ಮೇಡಮ್ಮೋರೆ, ಹೊರಗಿನ ಚರ್ಮ."

ಮಂಚದ ಮೇಲೆ ಮಲಗಿಸಿ, ಲೈಟು ಹಾಕಿ ನೋಡಿದರು. ಕಾಯಿಲೆಗೆ ಲೈಕೆನ್ ಸ್ಕ್ಲೆರೋಸಸ್ ಅಂತ ಹೆಸರಂತೆ. ಅಂಟುವುದಿಲ್ಲ. ಗಂಡನಿಂದ ಬಂದದ್ದಲ್ಲ, ಕೊಳಕಿನಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ಪೂರ್ತಿ ಹೋಗುವುದಿಲ್ಲ, ಆದರೆ ಹತೋಟಿಯಲ್ಲಿ ಇರುತ್ತದೆ. ಮುಲಾಮು ಮೊದಲು ದಿನಾ ರಾತ್ರಿ, ಆಮೇಲೆ ನಿಧಾನಕ್ಕೆ ಕಡಿಮೆ ಮಾಡಿ ವಾರಕ್ಕೆ ಎರಡು ಸಲ. ಕಡಿತ ನಿಂತಿತು ಅಂತ ಬಿಡಬಾರದು. ಸೋಪು ಮುಟ್ಟಿಸಬಾರದು. ಗಂಟೋ ಮಾಯದ ಹುಣ್ಣೋ ಕಂಡರೆ ತಕ್ಷಣ ಬರಬೇಕು, ಇಲ್ಲದಿದ್ದರೂ ಆಗಾಗ ತೋರಿಸಬೇಕು, ಬಿಟ್ಟರೆ ಕ್ಯಾನ್ಸರಿಗೆ ತಿರುಗುವುದೂ ಉಂಟು ಅಂದರು.

ಆಮೇಲೆ ಕನ್ನಡಿ ಕೈಗೆ ಕೊಟ್ಟು, "ಬೆಳ್ಳಗಿರೋ ಜಾಗ ನೀವೇ ನೋಡ್ಕೊಳ್ಳಿ, ಅಲ್ಲಿಗೇ ಹಚ್ಚಬೇಕು" ಅಂದರು. ನೋಡಿದೆ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದು, ಈಗ ಮುಖಾಮುಖಿಯಾದ ಹಾಗಾಯಿತು. ನಮಸ್ಕಾರ, ಚೆನ್ನಾಗಿದ್ದೀರಾ ಅಂತ ಕೇಳಬೇಕು ಅನಿಸಿತು.

ಮುಖ

ಮೆಡಿಕಲ್ ಸ್ಟೋರಿನವನು ಟ್ಯೂಬು ಕೊಡುತ್ತ, "ಮುಖಕ್ಕಾ ಅಮ್ಮ? ಬೆಳ್ಳಗಾಗೋಕೆ ಎಲ್ಲಾ ಇದ್ನೇ ಕೇಳ್ತಾರೆ" ಅಂದ. "ಬೆಳ್ಳಗಾಗಿರೋದ್ಕೇ ಅಚ್ಕತಾ ಇವ್ನಿ ಕಣಪ್ಪ" ಅಂದೆ. ಅವನಿಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ಬರುಬರುತ್ತ ಕಡಿತ ಇಳಿಯಿತು. ರಾತ್ರಿ ನಿದ್ದೆ ಬಂತು. ಅಂಟಲ್ಲವಂತೆ ಅಂತ ಓರಗಿತ್ತಿಗೆ ಎಷ್ಟು ಸಲ ಹೇಳಿದರೂ, "ಡಾಕ್ಟ್ರು ಏಳ್ತಾರೆ, ಅವ್ರಿಗೇನು" ಅಂತ ದೇವರ ಮನೆಯ ಬಾಗಿಲು ಬಿಡಲಿಲ್ಲ. ಸೋಮವಾರ ನಾನು ಹೊರಗೇ ನಿಂತು ಕೈಮುಗಿಯುತ್ತಿದ್ದೆ. ದೀಪ ಹಚ್ಚುವಾಗ ಅವಳ ಮುಖ ವಾರದಿಂದ ವಾರಕ್ಕೆ ಬೆಳಗುವುದು ಕಾಣುತ್ತಿತ್ತು. ದೇವರ ಕಳೆಯೇ ಇರಬೇಕು ಅಂತ ಹೊಟ್ಟೆ ಉರಿಯಿತು.

ಹೂಗ್ಯಂನಲ್ಲಿ ಅವಳ ತಮ್ಮನ ಮಗಳ ಮದುವೆ ಹತ್ತಿರ ಬಂದಾಗ ಆ ಮುಖ ಕೆಂಪಗಾಗಿ ಗುಳ್ಳೆ ಎದ್ದಿತು. ನನ್ನ ಟ್ಯೂಬು ಯಾಕೆ ಇಷ್ಟು ಬೇಗ ಖಾಲಿಯಾಗುತ್ತಿದೆ ಅಂತ ಆಗ ಹೊಳೆಯಿತು.

"ಅಕ್ಕ, ಬಚ್ಚಲ ಕಿಟಕೀಲಿದ್ದ ಟ್ಯೂಬು ಮುಟ್ಟಿದ್ರಾ?"

"ಒಸಿ ತಕಂಡೆ ಕಣಮ್ಮಿ. ಮೂತಿ ಬೆಳ್ಳಗಾಯ್ತದೆ ಅಂತಾರಲ್ಲ ಮೆಡಿಕಲ್ ಸ್ಟೋರಲ್ಲಿ, ನೀನೊಬ್ಳೇ ಅಚ್ಕಂಡ್ರೆ ಆಯ್ತಾ?"

"ನಾನು ಮುಖಕ್ಕಲ್ಲ ಅಕ್ಕ, ಅಲ್ಲಿಗೆ ಅಚ್ಕೊಳ್ಳೋದು. ಅಲ್ಲಿ ಮುಟ್ಟಿದ ಬೆರಳೇ ಆ ಟ್ಯೂಬಿನ ಬಾಯಿಗೂ ಮುಟ್ಟಿರೋದು."

ಅವಳು ಸೆರಗಿನಿಂದ ಮುಖ ಉಜ್ಜಿದ ರಭಸಕ್ಕೆ ಇನ್ನಷ್ಟು ಕೆಂಪಾಯಿತು. ಕೋಪವೆಲ್ಲ ಬದಿಗಿಟ್ಟು, ಮಾದಪ್ಪನ ಮುಖ ನೋಡಿ, ನಾನೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಈ ಮುಲಾಮು ಮುಖಕ್ಕೆ ಹಚ್ಚುವುದೇ ಅಲ್ಲ, ಮುಖದ ಚರ್ಮ ಹಾಳಾಗುತ್ತದೆ ಅಂತ ಅವರು ಬೈದು ಬೇರೆ ಔಷಧಿ ಬರೆದರು. ಓರಗಿತ್ತಿಗೆ ಬೇಕಾಗಿದ್ದು ಒಂದೇ ಮಾತು. "ಇವ್ಳದು ಅಂಟಲ್ಲ ತಾನೆ ಮೇಡಮ್ಮೋರೆ?"

"ಅಂಟಲ್ಲಮ್ಮ."

"ಇನ್ನೊಂದ್ಸಲ ಏಳಿ."

ಮುಂದಿನ ಸೋಮವಾರ ಸಂಜೆ ಅವಳೇ ನನ್ನನ್ನು ದೇವರ ಮನೆಗೆ ಕರೆದಳು. ಅರಿಶಿನ ಕೇಳಲು ಬಂದಿದ್ದ ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು, "ಇವ್ರು ಒಳೀಕೆ ಬರ್‌ಬೌದಾ? ಅಂಟುರೋಗ ಅಂದಿದ್ರಲ್ಲಕ್ಕ ನೀವೇ" ಅಂದಳು.

ಓರಗಿತ್ತಿ ರೇಗಿದಳು. "ಯಾವ್ಳೇ ಏಳ್ದೋಳು? ಅಂಟಂಗಿದ್ರೆ ಮೊದ್ಲು ನನ್ ಮೂತಿಗೆ ಅಂಟಬೇಕಿತ್ತು."

"ನಿಮ್ ಮೂತಿಗ್ಯಾಕಕ್ಕ ಅಂಟಬೇಕು?"

ಓರಗಿತ್ತಿ ನನ್ನ ಕಡೆ ತಿರುಗಿ, ಬೆಂಕಿಪೊಟ್ಟಣ ನನ್ನ ಕೈಗೆ ತುರುಕಿದಳು.

"ದೀಪ ಅಚ್ಚಮ್ಮಿ ಬೇಗ, ಒತ್ತಾಯ್ತು."