ಜರ್ಮನಿಯಿಂದ ಬಂದ ದಂಡದ ಚೀಟಿ

ನಾನು ಸ್ಟೀರಿಂಗ್ ಹಿಡಿದ ದಿನ ಏನಾದರೊಂದು ಆಗದೆ ಮನೆ ಮುಟ್ಟಿದ್ದು ಕಡಿಮೆ. ಇಳಕಲ್ಲಿನಲ್ಲಿ ನಮ್ಮದು ಸೀರೆ ವ್ಯಾಪಾರ. ನೇಕಾರರ ಮನೆಗಳಿಂದ ಸೀರೆ ತಂದು ವ್ಯಾನಿನಲ್ಲಿ ಬಾಗಲಕೋಟೆಗೆ ಒಯ್ಯುವವಳು ನಾನೇ. ನಮ್ಮವರಿಗೆ ಲೈಸೆನ್ಸ್ ಇದೆ, ಧೈರ್ಯ ಇಲ್ಲ. ಹೋದ ವರ್ಷ ಒಂದು ಪ್ರದರ್ಶನಕ್ಕೆಂದು ಇಬ್ಬರೂ ಜರ್ಮನಿಗೆ ಹೋಗಿ, ಅಲ್ಲಿ ಬಾಡಿಗೆ ಕಾರು ತಗೊಂಡೆವು.

೧. ಯಾರು ಹೊಡೆಯಬೇಕು

ಕಾರಿನ ಕೀಲಿ ಕೈಗೆ ಬಂದಾಗ ನಮ್ಮವರು, "ಪರದೇಶ ಐತಿ, ನಾ ಹೊಡೀತೇನಿ" ಅಂದರು. ರೂಢಿಯಂತೆ ಬಲಗಡೆಯ ಬಾಗಿಲು ತೆಗೆದು ಕೂತು, ಬೆಲ್ಟ್ ಕಟ್ಟಿಕೊಂಡು, ಕನ್ನಡಿ ಸರಿಮಾಡಿದರು. ಆಮೇಲೆ ಮುಂದೆ ನೋಡಿದರು. ಸ್ಟೀರಿಂಗ್ ಎಡಗಡೆ, ನನ್ನ ಮುಂದಿತ್ತು.

ಕಟ್ಟಿದ ಬೆಲ್ಟ್ ಬಿಚ್ಚದೆ, "ಹೆಂಗೂ ಕುಂತೀಯಲ್ಲ, ನೀನ ಹೊಡಿ" ಅಂದರು.

೨. ಫೋಟೋ

ಒಂದು ಸಣ್ಣ ಊರು ದಾಟುವಾಗ ರಸ್ತೆ ಪಕ್ಕದ ಕಂಬದಿಂದ ಫಳ್ಳಂತ ಬೆಳಕು ಬಿತ್ತು.

"ಏನ್ರಿ ಅದು?"

"ಫೋಟೋ ಹೊಡದ್ರು. ನೀ ಇಳಕಲ್ ಸೀರಿ ಉಟ್ಟೀಯಲ್ಲ, ಅದಕ್ಕ."

ನನಗೂ ಖುಷಿಯಾಯಿತು. ಮುಂದಿನ ಊರಲ್ಲಿ ಅಂಥದೇ ಕಂಬ ಕಂಡಾಗ ನಿಧಾನ ಮಾಡಿ, ಸೆರಗು ಸರಿಮಾಡಿಕೊಂಡೆ. ಬೆಳಕು ಬೀಳಲಿಲ್ಲ.

"ಈ ಊರವರಿಗೆ ಸೀರಿ ಮನಸಿಗಿ ಬರಲಿಲ್ಲ ಕಾಣ್ತದ" ಅಂದರು ನಮ್ಮವರು.

೩. ಕಂಬದ ಹೆದರಿಕೆ

ಎರಡು ತಿಂಗಳಿಗೆ ದಂಡದ ಚೀಟಿ ಇಳಕಲ್ಲಿಗೇ ಬಂತು. ಫೋನಿನಲ್ಲಿ ಅನುವಾದ ಮಾಡಿಕೊಂಡು ಓದಿದೆವು. ಆ ಕಂಬದಲ್ಲಿದ್ದದ್ದು ವೇಗ ಅಳೆಯುವ ಕ್ಯಾಮೆರಾ; ಐವತ್ತರಲ್ಲಿ ಹೋಗಬೇಕಾದ ಕಡೆ ನಾನು ಅರವತ್ತೆಂಟರಲ್ಲಿ ಹೋಗಿದ್ದೆ. ಕಟ್ಟದಿದ್ದರೆ ಮುಂದಿನ ಪ್ರದರ್ಶನಕ್ಕೆ ಬಿಡುತ್ತಾರೋ ಇಲ್ಲವೋ ಎಂದು ಅವತ್ತೇ ಕಟ್ಟಿದೆವು.

ದಂಡ ಮುಗಿಯಿತು, ಹೆದರಿಕೆ ಮುಗಿಯಲಿಲ್ಲ. ಹುನಗುಂದದ ದಾರಿಯಲ್ಲಿ ಯಾವ ಕಂಬ ಕಂಡರೂ ಬ್ರೇಕ್ ಒತ್ತುತ್ತಿದ್ದೆ, ಕರೆಂಟಿನ ಕಂಬವನ್ನೂ ಬಿಡಲಿಲ್ಲ. ಒಂದು ದಿನ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ನನ್ನನ್ನು ದಾಟಿ ಮುಂದೆ ನಿಂತಿತು. ಡ್ರೈವರ್ ಇಳಿದು ಬಂದು, "ಅಕ್ಕಾರ, ಗಾಡಿ ಕೆಟ್ಟೈತೇನ್ರಿ? ಹಗ್ಗ ಐತಿ, ಎಳಕೊಂಡು ಹೋಗ್ತೇನಿ" ಅಂದ.

೪. ಮಸಿ

ಇಷ್ಟರಲ್ಲಿ ನಮ್ಮವರು, ಜರ್ಮನಿಯಲ್ಲಿ ಕಾರು ಹೊಡೆದವರು ತಾವೇ ಎಂದು ಓಣಿಗೆಲ್ಲ ಹೇಳಿಬಿಟ್ಟಿದ್ದರು. ನಮ್ಮತ್ತೆಯ ಮುಂದೆಯೂ. ಚೀಟಿಯ ಸಂಗಡ ಫೋಟೋ ಬಂದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಪಾಟು ಝಾಡಿಸುವಾಗ ಅದು ಅತ್ತೆಯ ಕೈಗೇ ಸಿಕ್ಕಿತು. ಚಷ್ಮಾ ಹಾಕಿಕೊಂಡು ನೋಡಿದರು.

"ಗಾಡಿ ಹೊಡೆಯಾಕಿ ನೀನು. ಬಾಜೂಕ ಕುಂತಾಂವ ಯಾರವಾ?"

"ನಿಮ್ಮ ಮಗಾನ ರೀ, ಅತ್ತಿ."

"ಮತ್ತ ಮಾರಿಗಿ ಯಾಕ ಮಸಿ ಬಳದಾರ?"

ಖರೆ, ಆ ಜಾಗದಲ್ಲಿ ಬರೀ ಕರಿ ಚೌಕ ಇತ್ತು. ನಮ್ಮವರು ತಿಳಿಸಿ ಹೇಳಲು ಬಂದರು: "ಅವ್ವಾ, ಅಲ್ಲಿ ಗಾಡಿ ಹೊಡದವರ ಮಾರಿ ಅಷ್ಟ ತೋರಸ್ತಾರ. ಸುಮ್ಮ ಕುಂತವರದು ಮುಚ್ಚತಾರ." ಹೇಳಿ ಮುಗಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಹೊಳೆಯಿತು.

ಅತ್ತೆ ಫೋಟೋ ಮಡಚಿ ನನ್ನ ಕೈಗೆ ಕೊಟ್ಟರು.

"ಇಂವ ಸುಳ್ಳ ಹೇಳಿದ್ದು ಇಲ್ಲಿಗಿ ಬಂದ ಮ್ಯಾಲೆ. ಅವರು ಮೊದಲ ಅಲ್ಲೇ ಮಸಿ ಬಳದು ಕಳಿಸ್ಯಾರ. ಶಾಣ್ಯಾ ಮಂದಿ ಬಿಡವಾ."